ಎರಡು ಖಂಡಗಳ ರಾಗಿಯನ್ನು ಬೆಸೆದ ಲಕ್ಷ್ಮಣಯ್ಯ

ಮಕ್ಕಳೇ, ಬೆಂಗಳೂರಿನ ಜಯನಗರದ ಮಗ್ಗುಲಲ್ಲಿ ತಿಲಕ್ ನಗರ ಎಂಬ ಬಡಾವಣೆ ಇದೆ. ಅಲ್ಲಿ ಹೊಲವಿಲ್ಲ, ಕಣವಿಲ್ಲ, ಹುಲ್ಲಿನ ಮೆದೆಯೂ ಇಲ್ಲ. ಆದರೂ ಅಲ್ಲಿನ ದಿನಸಿ ಅಂಗಡಿಗಳಲ್ಲಿ ರಾಗಿ ಸಿಗುತ್ತದೆ. ಹಿಟ್ಟಿನ ಗಿರಣಿಗಳಲ್ಲಿ ರಾಗಿ ಬೀಸುತ್ತಾರೆ. ಬೇಸಿಗೆ ಬಂತೆಂದರೆ ತಳ್ಳುಗಾಡಿಗಳ ಮೇಲೆ ಎಳೆ ಸೌತೆಕಾಯಿ ಬರುತ್ತದೆ. ರಾಗಿ ಮುದ್ದೆ, ರಾಗಿ ರೊಟ್ಟಿ, ಅಂಬಲಿ ನಿಮಗೆಲ್ಲ ಗೊತ್ತಿರುವ ತಿನಿಸುಗಳೇ. 2024ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವ ಯೋಜನೆ ಶುರುವಾದ ಮೇಲೆ ರಾಗಿ ನಿಮ್ಮ ಶಾಲೆಯ ಲೋಟಕ್ಕೂ ಬಂದಿದೆ.

ಅಂಗಡಿಯ ರಾಗಿಯನ್ನು ಒಂದು ಹಿಡಿ ಕೈಯಲ್ಲಿ ಹಿಡಿದು ನೋಡಿ. ಕಾಳು ಸಾಸಿವೆಯಷ್ಟು ಚಿಕ್ಕದು. ಒಂದು ಗ್ರಾಂ ರಾಗಿಯಲ್ಲಿ ಮುನ್ನೂರಕ್ಕೂ ಹೆಚ್ಚು ಕಾಳುಗಳಿರುತ್ತವೆ. ನಮ್ಮ ತಾತ, ಮುತ್ತಾತಂದಿರ ಕಾಲದಲ್ಲೂ ರಾಗಿ ಇತ್ತು. ಆದರೆ ಅಂದಿನ ರಾಗಿಯೂ ಇಂದಿನ ರಾಗಿಯೂ ಒಂದೇ ಅಲ್ಲ. ಇಂದು ನಮ್ಮ ಹೊಲಗಳಲ್ಲಿ ಬೆಳೆಯುವ ಎಷ್ಟೋ ರಾಗಿ ತಳಿಗಳ ವಂಶದಲ್ಲಿ ಅರ್ಧ ಭಾರತ ಇದೆ, ಅರ್ಧ ಆಫ್ರಿಕಾ ಇದೆ. ಈ ಎರಡನ್ನೂ ಬೆಸೆದವರು ಕನ್ನಡ ನಾಡಿನ ಒಬ್ಬ ವಿಜ್ಞಾನಿ. ಅವರೇ ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದು ಕರೆದರು. ರಾಗಿ ಬ್ರಹ್ಮ ಎಂದೂ ಕರೆದರು.

ರಾಗಿ ಸೀಮೆಯ ಹುಡುಗ

ಲಕ್ಷ್ಮಣಯ್ಯನವರು ಹುಟ್ಟಿದ್ದು 1921ರಲ್ಲಿ, ಮೈಸೂರು ಸಮೀಪದ ಹಾರೋಹಳ್ಳಿಯಲ್ಲಿ. ಆಗ ಮೈಸೂರು ಒಂದು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು. ಕಾವೇರಿಗೆ ಕೃಷ್ಣರಾಜಸಾಗರ ಕಟ್ಟುವ ಕೆಲಸ ಇನ್ನೂ ನಡೆಯುತ್ತಿತ್ತು. ಕಾಲುವೆ ನೀರು ಕಾಣದ ಹಳ್ಳಿಗಳೇ ಹೆಚ್ಚು. ಅಲ್ಲಿ ಮಳೆಯೇ ಆಧಾರ, ರಾಗಿಯೇ ಅನ್ನ.

ಆ ಸೀಮೆಯ ಜನ ರಾಗಿಯನ್ನು ನೆಚ್ಚಿಕೊಳ್ಳಲು ಕಾರಣಗಳಿದ್ದವು. ಕೆಲವು ದಿನ ಮಳೆ ಕೈಕೊಟ್ಟರೂ ರಾಗಿ ಪೈರು ಬಾಡಿ ನಿಂತು, ಮತ್ತೆ ಹನಿ ಬಿದ್ದಾಗ ಚೇತರಿಸಿಕೊಳ್ಳುತ್ತದೆ. ಕಾಳಿಗೆ ಹುಳು ಬೀಳುವುದು ಬಲು ಕಡಿಮೆ. ಹಿಂದೆ ರೈತರು ನೆಲದೊಳಗೆ ಹಗೇವು ತೋಡಿ ರಾಗಿಯನ್ನು ವರ್ಷಗಟ್ಟಲೆ ಇಡುತ್ತಿದ್ದರು. ಬರ ಬಂದ ವರ್ಷ ಹಗೇವು ತೆರೆದು ಮನೆಮಂದಿಯ ಹೊಟ್ಟೆ ತುಂಬಿಸುತ್ತಿದ್ದರು. ಹುಲ್ಲು ದನಗಳಿಗೆ ಮೇವಾಗುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎಲುಬು, ಹಲ್ಲು ಗಟ್ಟಿಯಾಗಲು ಬೇಕಾದ ಈ ಖನಿಜ ಅಕ್ಕಿ, ಗೋಧಿಯಲ್ಲಿ ಇಷ್ಟು ಇಲ್ಲ.

ಆದರೆ ಒಂದು ದೊಡ್ಡ ಕೊರತೆ ಇತ್ತು. ಇಳುವರಿ ಸಾಲುತ್ತಿರಲಿಲ್ಲ. ಒಂದು ಹೆಕ್ಟೇರು, ಅಂದರೆ ಎರಡೂವರೆ ಎಕರೆ ಬಿತ್ತಿದರೂ ಸರಾಸರಿ ಒಂದು ಟನ್ ಕಾಳು ಸಿಗುತ್ತಿರಲಿಲ್ಲ. ಬೆಂಕಿ ರೋಗ ಬಿದ್ದರೆ ಎಲೆ, ಕುತ್ತಿಗೆ, ತೆನೆ ಎಲ್ಲ ಸುಟ್ಟಂತಾಗಿ ಕಾಳು ಜಳ್ಳಾಗುತ್ತಿತ್ತು. ಜನಸಂಖ್ಯೆ ಹೆಚ್ಚುತ್ತಿತ್ತು, ಹೊಲ ಹೆಚ್ಚುತ್ತಿರಲಿಲ್ಲ. ಅದೇ ನೆಲ, ಅದೇ ಮಳೆ. ಅದರಲ್ಲೇ ಹೆಚ್ಚು ಕಾಳು ಕೊಡುವ ರಾಗಿ ಬೇಕಾಗಿತ್ತು.

ಲಕ್ಷ್ಮಣಯ್ಯನವರು ಓದು ಮುಗಿಸಿ ಕೃಷಿ ಸಂಶೋಧನೆಗೆ ಬಂದರು. ಮಂಡ್ಯದ ವಿ.ಸಿ. ಫಾರಂ ಅವರ ಕೆಲಸದ ಮನೆಯಾಯಿತು. 1931ರಲ್ಲಿ ಇರ್ವಿನ್ ನಾಲೆಯ ಬಯಲಲ್ಲಿ ಶುರುವಾದ ತೋಟ ಅದು. ಆ ನಾಲೆಗೆ ಮುಂದೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ಹಾಗಾಗಿ ತೋಟಕ್ಕೂ ವಿ.ಸಿ. ಫಾರಂ ಎಂಬ ಹೆಸರು ನಿಂತಿತು.

ಒಂದೇ ಹೊಲ, ಹಲವು ಬಗೆ

ಅವರ ಕೆಲಸ ಏನೆಂದು ತಿಳಿಯಲು ನಾವು ಮೊದಲು ಒಂದು ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಬೇಕು. ದೂರದಿಂದ ಎಲ್ಲ ಗಿಡಗಳೂ ಒಂದೇ. ಹತ್ತಿರ ಹೋದರೆ ಹಾಗಲ್ಲ. ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಒಂದು ಬೇಗ ತೆನೆ ಬಿಟ್ಟಿದೆ, ಇನ್ನೊಂದು ತಡ. ಒಂದರ ತೆನೆ ಮುಷ್ಟಿಯಂತೆ ಮುಚ್ಚಿದೆ, ಇನ್ನೊಂದರದು ಬಿಡಿಸಿದ ಬೆರಳುಗಳಂತೆ ತೆರೆದಿದೆ. ಒಂದರ ಗಿಣ್ಣು ಹಸಿರು, ಇನ್ನೊಂದರದು ನೇರಳೆ. ನಮ್ಮ ರೈತರು ಇದನ್ನೆಲ್ಲ ನೋಡಿಯೇ ಗಿಡ್ಡ ರಾಗಿ, ಉಂಡೆ ರಾಗಿ, ಮಜ್ಜಿಗೆ ರಾಗಿ, ಜೇನುಗೂಡು ರಾಗಿ ಎಂದೆಲ್ಲ ಹೆಸರಿಟ್ಟಿದ್ದರು.

ಈ ವ್ಯತ್ಯಾಸವನ್ನು ವಿಜ್ಞಾನದಲ್ಲಿ ಭಿನ್ನತೆ ಎನ್ನುತ್ತಾರೆ. ಭಿನ್ನತೆ ಎರಡು ಕಾರಣಗಳಿಂದ ಬರುತ್ತದೆ. ಮೊದಲನೆಯದು ಪರಿಸರ. ತಿಪ್ಪೆಯ ಪಕ್ಕದಲ್ಲಿ ಹುಟ್ಟಿದ ಗಿಡಕ್ಕೆ ಗೊಬ್ಬರ ಹೆಚ್ಚು, ಅದು ಕೊಬ್ಬಿ ಬೆಳೆಯುತ್ತದೆ. ಅದರ ಬೀಜವನ್ನು ಬೇರೆ ಕಡೆ ಬಿತ್ತಿದರೆ ಮಕ್ಕಳು ಸಾಧಾರಣವಾಗಿಯೇ ಇರುತ್ತವೆ. ಎರಡನೆಯದು ಅನುವಂಶೀಯತೆ. ಗಿಡದ ಜೀವಕೋಶಗಳಲ್ಲಿರುವ ವಂಶವಾಹಿಗಳೇ ಬೇರೆ ಆಗಿದ್ದರೆ ಆ ಗುಣ ಬೀಜದ ಮೂಲಕ ಮಕ್ಕಳಿಗೂ ಹೋಗುತ್ತದೆ.

ನೋಡಿದ ತಕ್ಷಣ ಇವೆರಡರಲ್ಲಿ ಯಾವುದು ಎಂದು ಹೇಳಲಾಗದು. ತಳಿ ವಿಜ್ಞಾನಿ ಏನು ಮಾಡುತ್ತಾರೆ ಗೊತ್ತೇ? ಒಂದು ಗಿಡದ ಬೀಜವನ್ನು ಬೇರೆಯಾಗಿ ತೆಗೆದಿಟ್ಟು, ಮುಂದಿನ ಹಂಗಾಮಿನಲ್ಲಿ ಒಂದು ಸಾಲಿನಲ್ಲಿ ಬಿತ್ತುತ್ತಾರೆ. ಪಕ್ಕದಲ್ಲಿ ಇನ್ನೊಂದು ಗಿಡದ ಮಕ್ಕಳ ಸಾಲು. ಎಲ್ಲ ಸಾಲಿಗೂ ಒಂದೇ ನೆಲ, ಒಂದೇ ಗೊಬ್ಬರ, ಒಂದೇ ನೀರು. ಆಗಲೂ ಒಂದು ಸಾಲು ಪೂರ್ತಿಯಾಗಿ ಮೇಲಾಗಿ ಕಂಡರೆ ಆ ಒಳ್ಳೆಯತನ ಬೀಜದಲ್ಲೇ ಇದೆ ಎಂದು ತಿಳಿಯುತ್ತದೆ. ತಾಯಿಯ ಗುಣವನ್ನು ಮಕ್ಕಳಲ್ಲಿ ನೋಡಿ ತೀರ್ಮಾನಿಸುವ ಪರೀಕ್ಷೆ ಇದು.

ಆರಿಸುವುದು ಸಾಲದು

ಹೀಗೆ ಉತ್ತಮ ಸಾಲನ್ನು ಆರಿಸಿ ಬೀಜ ಹೆಚ್ಚಿಸುವುದೇ ಆಯ್ಕೆ ವಿಧಾನ. ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಲಕ್ಷ್ಮಣಯ್ಯನವರು ಹುಟ್ಟುವ ಮೊದಲೇ ಶುರುವಾಗಿತ್ತು. ಕೆನಡಾದಿಂದ 1908ರಲ್ಲಿ ಇಲ್ಲಿಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರು ಅವರೇ. ಅವರ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರಾಗಿಯ ಸಾಲು ಪರೀಕ್ಷೆಗಳು ನಡೆದವು. 1918ರಲ್ಲಿ ಎಚ್ 22 ಎಂಬ ಸುಧಾರಿತ ತಳಿ ಹೊರಬಂತು. ಮುಂದೆ ಇನ್ನೂ ಕೆಲವು ತಳಿಗಳು ಬಂದವು.

ಆದರೆ ಆಯ್ಕೆಗೆ ಒಂದು ಮಿತಿ ಇದೆ. ಬುಟ್ಟಿಯಲ್ಲಿ ಹತ್ತು ಮಾವಿನ ಹಣ್ಣುಗಳಿದ್ದರೆ ನೀವು ಎಷ್ಟೇ ಜಾಣತನದಿಂದ ಆರಿಸಿದರೂ ಆ ಹತ್ತರಲ್ಲಿ ಸಿಹಿಯಾದುದು ಸಿಗುತ್ತದೆಯೇ ಹೊರತು ಹನ್ನೊಂದನೆಯದು ಸಿಗುವುದಿಲ್ಲ. ರಾಗಿಯಲ್ಲಿ ಈ ಮಿತಿ ಇನ್ನೂ ಗಟ್ಟಿ. ಏಕೆಂದರೆ ರಾಗಿ ಹೂವು ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಇದನ್ನು ಸ್ವಕೀಯ ಪರಾಗಸ್ಪರ್ಶ ಎನ್ನುತ್ತಾರೆ. ಹೀಗೆ ತಲೆಮಾರು ತಲೆಮಾರು ನಡೆದರೆ ಒಂದು ಗಿಡದ ಸಂತಾನವೆಲ್ಲ ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ಆಗುತ್ತದೆ. ಇಂಥ ವಂಶಕ್ಕೆ ಶುದ್ಧ ಸಾಲು ಎಂದು ಹೆಸರು. ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ ಎಂಬ ವಿಜ್ಞಾನಿ 1903ರಲ್ಲಿ ಹುರುಳಿಕಾಯಿ ಬೀಜಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿದ್ದರು. ಒಂದು ಶುದ್ಧ ಸಾಲಿನಲ್ಲಿ ದಪ್ಪ ಬೀಜ ಆರಿಸಿ ಬಿತ್ತಿದರೂ ಅಷ್ಟೇ, ಸಣ್ಣ ಬೀಜ ಆರಿಸಿ ಬಿತ್ತಿದರೂ ಅಷ್ಟೇ. ಮುಂದಿನ ಪೀಳಿಗೆಯ ಸರಾಸರಿ ಬದಲಾಗಲಿಲ್ಲ.

ಹಾಗಾದರೆ ದಾರಿ ಏನು? ಒಂದು ತಳಿಯಲ್ಲಿ ತೆನೆ ದೊಡ್ಡದು, ಆದರೆ ರೋಗ ಬೀಳುತ್ತದೆ. ಇನ್ನೊಂದಕ್ಕೆ ರೋಗ ಬೀಳದು, ಆದರೆ ತೆನೆ ಸಣ್ಣದು. ಎರಡನ್ನೂ ಕೂಡಿಸಿದರೆ ಎರಡು ಒಳ್ಳೆಯ ಗುಣಗಳೂ ಒಂದೇ ಗಿಡದಲ್ಲಿ ಸೇರಬಹುದು. ಇದೇ ಸಂಕರಣ. ಲಕ್ಷ್ಮಣಯ್ಯನವರು ಹಿಡಿದದ್ದು ಈ ದಾರಿಯನ್ನು.

ಬೆಳಗಿನ ಜಾವದ ಹೂವು

ಸಂಕರಣ ಸೌತೆಕಾಯಿಯಲ್ಲಾದರೆ ಸುಲಭ. ಸೌತೆ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಸೌತೆ ಹೀಚು ಇರುತ್ತದೆ, ಗಂಡು ಹೂವಿಗೆ ಅದು ಇರುವುದಿಲ್ಲ. ಎರಡೂ ಹಳದಿ, ಎರಡೂ ದೊಡ್ಡವು. ಬೇಕಾದ ಬಳ್ಳಿಯ ಗಂಡು ಹೂವನ್ನು ಕಿತ್ತು ತಂದು, ಇನ್ನೊಂದು ಬಳ್ಳಿಯ ಹೆಣ್ಣು ಹೂವಿಗೆ ಮೆಲ್ಲಗೆ ತಾಕಿಸಿದರೆ ಆಯಿತು. ಜೇನುಹುಳು ಬೇರೆ ಪರಾಗ ತಾರದಂತೆ ಹೂವಿಗೆ ಚೀಲ ಕಟ್ಟಬೇಕು, ಅಷ್ಟೇ.

ರಾಗಿಯಲ್ಲಿ ಇದು ಬಲು ಕಷ್ಟ. ಹೂವು ಕಣ್ಣಿಗೆ ಕಾಣಿಸುವುದೇ ಕಷ್ಟ. ಒಂದೇ ಹೂವಿನಲ್ಲಿ ಗಂಡು ಭಾಗವೂ ಇದೆ, ಹೆಣ್ಣು ಭಾಗವೂ ಇದೆ. ಮೂರು ಪುಟಾಣಿ ಕೇಸರಗಳು ಶಲಾಕಾಗ್ರವನ್ನು ಸುತ್ತಿಕೊಂಡಿರುತ್ತವೆ. ಹೂವು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗಿನ ಜಾವದೊಳಗೆ. ಜನ ಎದ್ದು ಹೊಲಕ್ಕೆ ಬರುವ ಹೊತ್ತಿಗೆ ಪರಾಗಸ್ಪರ್ಶ ಮುಗಿದೇ ಹೋಗಿರುತ್ತದೆ. ಮೂರೂ ಕೇಸರಗಳನ್ನು ಸೂಜಿಮೊನೆಯಂಥ ಚಿಮಟದಿಂದ ಕಿತ್ತರೂ ಹೂವಿಗೆ ಪೆಟ್ಟಾಗದಂತೆ ಕೀಳುವುದು ಸುಲಭವಲ್ಲ. ಈ ಕಾರಣದಿಂದಲೇ ರಾಗಿಯಲ್ಲಿ ಸಂಕರಣಕ್ಕೆ ಕೈಹಾಕಿದವರು ಕಡಿಮೆ.

ತಳಿ ವಿಜ್ಞಾನಿಗಳು ಇದಕ್ಕೆ ಉಪಾಯಗಳನ್ನು ಕಂಡುಕೊಂಡರು. ಒಂದು ಉಪಾಯ ಬಿಸಿ ನೀರಿನದು. ಅರಳುವ ಮೊದಲು ತೆನೆಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಪರಾಗ ಸಾಯುತ್ತದೆ, ಅಂಡಾಶಯ ಬದುಕಿರುತ್ತದೆ. ಇನ್ನೊಂದು ಉಪಾಯವನ್ನು ಕೊಯಮತ್ತೂರಿನ ಧಾನ್ಯ ತಜ್ಞ ಜಿ.ಎನ್. ರಂಗಸ್ವಾಮಿ ಅಯ್ಯಂಗಾರ್ 1930ರ ದಶಕದಲ್ಲಿ ವಿವರಿಸಿದ್ದರು. ಎರಡು ತಳಿಗಳ ತೆನೆಗಳನ್ನು ಅರಳುವ ಮುನ್ನ ಒಟ್ಟಿಗೆ ಕಟ್ಟಿ, ಮೇಲೆ ಕಾಗದದ ಚೀಲ ಹಾಕುವುದು. ಎರಡೂ ಒಟ್ಟಿಗೆ ಅರಳಿದಾಗ ಒಂದರ ಪರಾಗ ಇನ್ನೊಂದಕ್ಕೆ ತಾಕುವ ಸಂಭವವಿದೆ. ಹೆಚ್ಚಿನ ಕಾಳು ಸ್ವಂತ ಪರಾಗದಿಂದಲೇ ಕಟ್ಟುತ್ತದೆ. ನೂರರಲ್ಲಿ ಎಲ್ಲೋ ಕೆಲವು ಮಾತ್ರ ಸಂಕರ ಕಾಳುಗಳು.

ಆ ಕೆಲವನ್ನು ಗುರುತಿಸುವುದು ಹೇಗೆ? ಕಾಳು ನೋಡಿದರೆ ತಿಳಿಯದು. ಇಲ್ಲಿ ಸಹಾಯಕ್ಕೆ ಬರುವುದು ಬಣ್ಣ. ತಾಯಿಯಾಗಿ ಹಸಿರು ಗಿಣ್ಣಿನ ತಳಿಯನ್ನೂ ತಂದೆಯಾಗಿ ನೇರಳೆ ಗಿಣ್ಣಿನ ತಳಿಯನ್ನೂ ಇಟ್ಟುಕೊಳ್ಳುತ್ತಾರೆ. ನೇರಳೆ ಪ್ರಬಲ ಗುಣ, ಹಸಿರು ದುರ್ಬಲ ಗುಣ. ತಾಯಿಯ ತೆನೆಯ ಕಾಳುಗಳನ್ನು ಬಿತ್ತಿದಾಗ ಹಸಿರು ಸಸಿ ಬಂದರೆ ಅದು ತಾಯಿಯ ಸ್ವಂತ ಪರಾಗದ್ದು. ನೇರಳೆ ಸಸಿ ಬಂದರೆ ಅದಕ್ಕೆ ತಂದೆಯಿಂದ ವಂಶವಾಹಿ ಬಂದಿರಲೇಬೇಕು. ಅದೇ ಸಂಕರ ಸಸಿ. ಗ್ರೆಗರ್ ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ನಿಯಮವೇ ಮಂಡ್ಯದ ರಾಗಿ ಮಡಿಯಲ್ಲೂ ಕೆಲಸ ಮಾಡುತ್ತದೆ.

ಸಾವಿರದಲ್ಲಿ ಒಂದು

ಸಂಕರ ಸಸಿ ಸಿಕ್ಕಿತೆಂದರೆ ಕೆಲಸ ಮುಗಿಯಿತೇ? ಇಲ್ಲ, ನಿಜವಾದ ಕೆಲಸ ಆಗ ಶುರು. ಆ ಸಸಿಯ ಮಕ್ಕಳಲ್ಲಿ, ಅಂದರೆ ಎರಡನೆಯ ತಲೆಮಾರಿನಲ್ಲಿ, ಅಜ್ಜ ಅಜ್ಜಿಯರ ಗುಣಗಳು ಬಗೆಬಗೆಯಾಗಿ ಹಂಚಿಹೋಗುತ್ತವೆ.

ಒಂದು ಲೆಕ್ಕ ಮಾಡೋಣ. ಎರಡು ತಳಿಗಳು ಒಂದೇ ಒಂದು ಗುಣದಲ್ಲಿ ಬೇರೆಯಾಗಿದ್ದರೆ ಅವುಗಳ ಸಂತಾನದಿಂದ ಕೊನೆಗೆ 2 ಬಗೆಯ ಶುದ್ಧ ಸಾಲು ಸಿಗಬಹುದು. ಎರಡು ಗುಣಗಳಾದರೆ 2 × 2, ಅಂದರೆ 4 ಬಗೆ. ಮೂರು ಗುಣಗಳಾದರೆ 8. ಹತ್ತು ಗುಣಗಳಾದರೆ? ಎರಡನ್ನು ಹತ್ತು ಸಲ ಗುಣಿಸಿ ನೋಡಿ. 1024 ಬಗೆ! ಅವುಗಳಲ್ಲಿ ಹತ್ತೂ ಒಳ್ಳೆಯ ಗುಣಗಳು ಕೂಡಿರುವುದು ಒಂದೇ ಒಂದು. ಆದ್ದರಿಂದ ತಳಿ ವಿಜ್ಞಾನಿ ಸಾವಿರಾರು ಗಿಡಗಳನ್ನು ಬೆಳೆಸಬೇಕು. ಒಂದೊಂದನ್ನೂ ನೋಡಬೇಕು. ಎತ್ತರ ಅಳೆಯಬೇಕು, ತೆಂಡೆ ಎಣಿಸಬೇಕು, ತೆನೆಯ ಬೆರಳು ಎಣಿಸಬೇಕು, ತೆನೆ ಬಿಟ್ಟ ದಿನ ಬರೆದಿಡಬೇಕು, ರೋಗ ಬಿದ್ದ ಗಿಡವನ್ನು ಬಿಡಬೇಕು. ಆರಿಸಿದ ಗಿಡದ ಬೀಜವನ್ನು ಮತ್ತೆ ಸಾಲಿನಲ್ಲಿ ಬಿತ್ತಬೇಕು. ಹೀಗೆ ಆರೇಳು ತಲೆಮಾರು ಕಳೆದ ಮೇಲೆ ಗುಣಗಳು ಸ್ಥಿರವಾಗುತ್ತವೆ. ಆಮೇಲೆ ಬೇರೆ ಬೇರೆ ಊರುಗಳಲ್ಲಿ ಬೆಳೆದು ಪರೀಕ್ಷೆ. ಒಂದು ತಳಿ ರೈತರ ಕೈಗೆ ಬರಲು ಎಂಟು ಹತ್ತು ವರ್ಷ ಬೇಕಾಗುವುದು ಇದಕ್ಕಾಗಿಯೇ.

ಈ ತಾಳ್ಮೆಯ ಕೆಲಸದ ಫಲವಾಗಿ 1950 ಮತ್ತು 60ರ ದಶಕಗಳಲ್ಲಿ ಲಕ್ಷ್ಮಣಯ್ಯನವರ ಮಡಿಗಳಿಂದ ಹೊಸ ತಳಿಗಳು ಹೊರಬಂದವು. ಅವುಗಳ ಹೆಸರು ಕೇಳಿ: ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಹಳೆಯ ತಳಿಗಳಿಗಿಂತ ಇವು ಹೆಚ್ಚು ಕಾಳು ಕೊಟ್ಟವು.

ಆಫ್ರಿಕಾದಿಂದ ಬಂದ ಬಂಧು

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಕೂಡಿಸಿದ ತಳಿಗಳೆಲ್ಲ ನಮ್ಮ ದೇಶದವೇ. ಒಂದೇ ಮನೆತನದೊಳಗಿನ ಸಂಬಂಧದಂತೆ ಅವುಗಳ ನಡುವೆ ಭಿನ್ನತೆ ಕಡಿಮೆ. ಬುಟ್ಟಿಯನ್ನೇ ದೊಡ್ಡದು ಮಾಡಬೇಕಾಗಿತ್ತು.

ರಾಗಿಯ ತವರು ಯಾವುದು ಗೊತ್ತೇ? ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಇಂದಿನ ಇಥಿಯೋಪಿಯ, ಉಗಾಂಡ ದೇಶಗಳ ಕಡೆಯ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ರಾಗಿ ನಮ್ಮ ನಾಡಿಗೆ ಬಂತು. ಬಂದದ್ದು ಕೆಲವು ಬಗೆಗಳು ಮಾತ್ರ. ಉಳಿದ ಬಗೆಗಳು ತವರಿನಲ್ಲೇ ಉಳಿದವು. ಅಲ್ಲಿಯ ರಾಗಿಗೆ ದಪ್ಪ ಕಾಂಡ, ಅಗಲ ಎಲೆ, ದೊಡ್ಡ ತೆನೆ, ದಪ್ಪ ಕಾಳು. ಬೆಂಕಿ ರೋಗವನ್ನು ತಡೆಯುವ ಶಕ್ತಿಯೂ ಹಲವು ಬಗೆಗಳಿಗೆ ಇತ್ತು. ಆದರೆ ಅವು ನಮ್ಮ ಮಳೆಗಾಲಕ್ಕೆ ಹೊಂದುವುದಿಲ್ಲ. ಮಾಗಲು ಬಹಳ ದಿನ ಬೇಕು. ತೆಂಡೆ ಒಡೆಯುವುದು ಕಡಿಮೆ. ನಮ್ಮ ರಾಗಿಯಾದರೋ ಬೇಗ ಬೆಳೆಯುತ್ತದೆ, ಹೆಚ್ಚು ತೆಂಡೆ ಒಡೆಯುತ್ತದೆ, ಇಲ್ಲಿನ ಬಿಸಿಲು ಮಳೆಗೆ ಹೊಂದಿದೆ. ಆದರೆ ತೆನೆ ಸಣ್ಣದು.

ಒಂದರ ಕೊರತೆಯನ್ನು ಇನ್ನೊಂದು ತುಂಬುವಂತಿದೆ ಅಲ್ಲವೇ? ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿದರು. ಸಾವಿರಾರು ವರ್ಷ ದೂರವಾಗಿದ್ದ ಎರಡು ಕವಲುಗಳು ಮಂಡ್ಯದ ಮಡಿಯಲ್ಲಿ ಮತ್ತೆ ಸೇರಿದವು. ಕಾವೇರಿ ತಳಿಯನ್ನು ಐಇ 929 ಎಂಬ ಸಂಖ್ಯೆಯ ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ, ತಲೆಮಾರುಗಳ ಕಾಲ ಆರಿಸಿ ಪಡೆದ ತಳಿಯೇ ಇಂಡಾಫ್ 5. ಇಂಡಾಫ್ ಎಂದರೆ ಇಂಡಿಯಾ ಮತ್ತು ಆಫ್ರಿಕಾ. ಹೆಸರಿನಲ್ಲೇ ಎರಡು ಖಂಡಗಳ ನೆನಪು ಇದೆ!

1970 ಮತ್ತು 80ರ ದಶಕಗಳಲ್ಲಿ ಇಂಡಾಫ್ ತಳಿಗಳು ಒಂದರ ಹಿಂದೆ ಒಂದು ಬಂದವು. ಎಲ್ಲ ಹೊಲಕ್ಕೂ ಒಂದೇ ತಳಿ ಸಾಲದು. ಬೇಗ ಮಳೆ ಬಂದು ಮುಂಗಾರಿನಲ್ಲಿ ಮೊದಲೇ ಬಿತ್ತುವವರಿಗೆ ದೀರ್ಘಾವಧಿಯ ಇಂಡಾಫ್ 8. ಬೇಸಿಗೆಯಲ್ಲಿ ನೀರು ಕಟ್ಟಿ ಬೆಳೆಯುವವರಿಗೆ ಬೇಗ ಮಾಗುವ ಇಂಡಾಫ್ 5. ಚಳಿ ತಡೆಯಬೇಕಾದ ಹಿಂಗಾರಿಗೆ ಇಂಡಾಫ್ 7. ಇನ್ನೂ ಬೇಗ ಕೊಯ್ಲು ಬೇಕಾದವರಿಗೆ ಇಂಡಾಫ್ 9. ರೈತನ ಹೊಲ, ಹಂಗಾಮು ನೋಡಿ ಗುಣ ಆರಿಸುವುದೇ ಒಳ್ಳೆಯ ತಳಿ ವಿಜ್ಞಾನ.

ಹೊಲದಲ್ಲಿ ಬಂದ ಬದಲಾವಣೆ

ಹೊಸ ತಳಿಗಳು ಕರ್ನಾಟಕದ ಹೊಲಗಳನ್ನು ಸೇರಿದವು, ನೆರೆಯ ರಾಜ್ಯಗಳಿಗೂ ಹೋದವು. ಹೆಕ್ಟೇರಿಗೆ ಒಂದು ಟನ್ನಿನೊಳಗೆ ಇದ್ದ ರಾಜ್ಯದ ಸರಾಸರಿ ಇಳುವರಿ ಆ ಗಡಿಯನ್ನು ದಾಟಿ ಮೇಲಕ್ಕೆ ಹೋಯಿತು. ಗೊಬ್ಬರ, ನಾಟಿ ಪದ್ಧತಿ, ರೈತರ ಶ್ರಮ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಗೊಬ್ಬರ ಹಾಕಿದರೆ ಅದಕ್ಕೆ ತಕ್ಕಂತೆ ಕಾಳು ಕಟ್ಟುವ ಗುಣ ಬೀಜದಲ್ಲಿ ಇರಬೇಕಲ್ಲವೇ? ಆ ಗುಣವನ್ನು ಬೀಜದೊಳಗೆ ತಂದವರು ಲಕ್ಷ್ಮಣಯ್ಯ. ಮುಂದೆ ಎಷ್ಟೋ ರಾಗಿ ಹೊಲಗಳು ಬೇರೆ ಬೆಳೆಗೆ ತಿರುಗಿದವು, ಊರುಗಳೂ ಬೆಳೆದು ಹೊಲ ನುಂಗಿದವು. ಹೊಲ ಕಡಿಮೆಯಾದಾಗ ಹೆಚ್ಚು ಕಾಳು ಕೊಡುವ ತಳಿಗಳೇ ಮುದ್ದೆಯ ತಟ್ಟೆ ಬರಿದಾಗದಂತೆ ಕಾಯ್ದವು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ಕರ್ನಾಟಕವೇ.

ಭತ್ತ, ಗೋಧಿಯ ಹೊಸ ತಳಿಗಳ ಕಥೆಯನ್ನು ನೀವು ಹಸಿರು ಕ್ರಾಂತಿ ಎಂಬ ಪಾಠದಲ್ಲಿ ಓದಿರಬಹುದು. ಅವು ಹೆಚ್ಚಾಗಿ ನೀರಾವರಿ ಹೊಲಗಳಿಗೆ ಲಾಭ ತಂದವು. ರಾಗಿಯ ಹೊಸ ತಳಿಗಳು ಲಾಭ ತಂದದ್ದು ಮಳೆ ನಂಬಿದ ಬಡ ರೈತರ ಹೊಲಗಳಿಗೆ.

ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ತಮ್ಮ ಹೆಸರಿನ ಮುಂದೆ ಒಂದು ಧಾನ್ಯದ ಹೆಸರನ್ನೇ ಬಿರುದಾಗಿ ಪಡೆದ ವಿಜ್ಞಾನಿಗಳು ವಿರಳ. ಆ ಬಿರುದು ಕೊಟ್ಟವರು ರಾಗಿ ಬೆಳೆದ ಜನ, ರಾಗಿ ಉಂಡ ಜನ.

ಮೊಮ್ಮಕ್ಕಳ ಕಾಲ

ತಳಿಗಳಿಗೂ ಮಕ್ಕಳು, ಮೊಮ್ಮಕ್ಕಳು ಇರುತ್ತವೆ. ಬೆಂಕಿ ರೋಗದ ಶಿಲೀಂಧ್ರವೂ ಸುಮ್ಮನೆ ಕೂರುವುದಿಲ್ಲ. ಅದರಲ್ಲೂ ಭಿನ್ನತೆ ಇದೆ. ಕೆಲವು ವರ್ಷ ರೋಗ ತಡೆದ ತಳಿ ಮುಂದೆ ರೋಗಕ್ಕೆ ತುತ್ತಾಗಬಹುದು. ಹಾಗಾಗಿ ತಳಿ ಅಭಿವೃದ್ಧಿ ಎಂದೂ ಮುಗಿಯದ ಕೆಲಸ. 1996ರಲ್ಲಿ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ ಜಿಪಿಯು 28 ಎಂಬ ತಳಿ ಬಂತು. ಬೆಂಕಿ ರೋಗವನ್ನು ಚೆನ್ನಾಗಿ ತಡೆಯುವ ಈ ತಳಿ ರಾಜ್ಯದಲ್ಲೆಲ್ಲ ಹರಡಿತು. ಅದರ ವಂಶ ನೋಡಿದರೆ ಅಲ್ಲಿ ಇಂಡಾಫ್ 5 ಇದೆ, ಇಂಡಾಫ್ 9 ಇದೆ, ಐಇ 1012 ಎಂಬ ಇನ್ನೊಂದು ಬಂಧುವೂ ಇದೆ. ಎಂಎಲ್ 365 ಎಂಬ ತಳಿಯಲ್ಲೂ ಇಂಡಾಫ್ 5ರ ರಕ್ತ ಇದೆ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಎಂಎಲ್ 365ರ ವಂಶವಾಹಿಗಳ ಪೂರ್ತಿ ಬರಹವನ್ನು ಓದಿ ಪ್ರಕಟಿಸಿದರು. ಯಾವ ಗುಣಕ್ಕೆ ಯಾವ ವಂಶವಾಹಿ ಕಾರಣ ಎಂದು ಸಸಿ ಇರುವಾಗಲೇ ತಿಳಿಯಲು ಇಂಥ ಬರಹ ನೆರವಾಗುತ್ತದೆ. ಆಗ ತೆನೆ ಬರುವವರೆಗೆ ಕಾಯುವ ಕೆಲಸ ಸ್ವಲ್ಪ ತಗ್ಗುತ್ತದೆ.

ಇಲ್ಲಿ ನಾವು ಮರೆಯಬಾರದ ಮಾತೊಂದಿದೆ. ಹೊಸ ತಳಿ ಬಂದಾಗ ರೈತರು ಹಳೆಯದನ್ನು ಬಿಡುತ್ತಾರೆ. ಹತ್ತಾರು ನಾಟಿ ತಳಿಗಳು ಹೀಗೆ ಕಣ್ಮರೆಯಾದವು. ಆದರೆ ನಾಳೆ ಹೊಸ ರೋಗ ಬಂದರೆ ಅದನ್ನು ತಡೆಯುವ ಗುಣ ಯಾವ ಹಳೆಯ ತಳಿಯಲ್ಲಿದೆಯೋ ಯಾರಿಗೆ ಗೊತ್ತು? ಆಫ್ರಿಕಾದ ರೈತರು ತಮ್ಮ ರಾಗಿ ಬಗೆಗಳನ್ನು ಉಳಿಸಿಕೊಳ್ಳದೆ ಹೋಗಿದ್ದರೆ ಇಂಡಾಫ್ ಹುಟ್ಟುತ್ತಲೇ ಇರಲಿಲ್ಲ. ಅದಕ್ಕಾಗಿಯೇ ವಿಜ್ಞಾನಿಗಳು ಸಾವಿರಾರು ರಾಗಿ ಬಗೆಗಳ ಬೀಜಗಳನ್ನು ತಂಪು ಕೋಣೆಗಳಲ್ಲಿ ಜೋಪಾನ ಮಾಡುತ್ತಾರೆ. ಕೆಲವು ರೈತರೂ ತಮ್ಮ ಮನೆಗಳಲ್ಲಿ ನಾಟಿ ಬೀಜ ಕಾಪಾಡುತ್ತಿದ್ದಾರೆ.

ಸೌತೆಕಾಯಿಯ ಕಥೆಯೂ ಇದೇ. ಸೌತೆಯ ತವರು ನಮ್ಮ ಭಾರತ. ಹಿಮಾಲಯದ ತಪ್ಪಲಿನಲ್ಲಿ ಅದರ ಕಾಡು ಬಂಧು ಇಂದಿಗೂ ಬೆಳೆಯುತ್ತದೆ. ಅದರ ಕಾಯಿ ಪುಟ್ಟದು, ಕಹಿ. ಕಹಿ ಕಡಿಮೆ ಇರುವ ಬಳ್ಳಿಯ ಬೀಜವನ್ನೇ ರೈತರು ತಲೆಮಾರುಗಟ್ಟಲೆ ಆರಿಸಿ ಉಳಿಸಿದ್ದರಿಂದ ನಾವು ಇಂದು ಸೌತೆಯನ್ನು ಹಸಿಯಾಗಿ ತಿನ್ನುತ್ತೇವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೀಡಿದ ಅರ್ಕಾ ಶೀತಲ್ ಎಂಬ ಸೌತೆ ತಳಿ ಕಹಿಯಿಲ್ಲದ ಕಾಯಿಗೆ ಹೆಸರಾಗಿದೆ. ರಾಗಿಯಾಗಲಿ, ಸೌತೆಯಾಗಲಿ, ಮೊದಲು ಭಿನ್ನತೆ ಬೇಕು. ಆಮೇಲೆ ಆರಿಸುವ ಕಣ್ಣು ಬೇಕು. ಕೊನೆಯವರೆಗೂ ತಾಳ್ಮೆ ಬೇಕು.

ನಿಮಗೆ ಗೊತ್ತೇ?

ರಾಗಿಯ ಪ್ರತಿ ಜೀವಕೋಶದಲ್ಲಿ 36 ವರ್ಣತಂತುಗಳಿವೆ. ಸೌತೆಯಲ್ಲಿ ಇರುವುದು 14 ಮಾತ್ರ.

ಮಳೆ, ನೀರು ಕಡಿಮೆ ಇದ್ದರೂ ಬೆಳೆಯುವ ರಾಗಿ, ಸಜ್ಜೆ, ನವಣೆಯಂಥ ಧಾನ್ಯಗಳ ಮಹತ್ವ ತಿಳಿಸಲು ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು.

ನೀವೇ ಮಾಡಿ ನೋಡಿ

ಇದಕ್ಕೆ ಹೊಲ ಬೇಕಿಲ್ಲ. ತಿಲಕ್ ನಗರದಂಥ ಬಡಾವಣೆಯ ಮನೆಯ ತಾರಸಿ ಅಥವಾ ಶಾಲೆಯ ಅಂಗಳದ ಮೂಲೆ ಸಾಕು.

1. ಅಂಗಡಿಯಿಂದ ಒಂದು ಚಮಚ ಇಡೀ ರಾಗಿ ತನ್ನಿ. ಹಿಟ್ಟಾಗಿರಬಾರದು, ಹುರಿದಿರಬಾರದು.

2. ಎರಡು ಅಗಲವಾದ ಕುಂಡಗಳಲ್ಲಿ ಮಣ್ಣು ತುಂಬಿ. ಒಂದಕ್ಕೆ ಮಾತ್ರ ಎರಡು ಹಿಡಿ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಎರಡರಲ್ಲೂ ಹತ್ತು ಹತ್ತು ಕಾಳು ಬಿತ್ತಿ. ಬಿಸಿಲು ಬೀಳುವ ಕಡೆ ಇಡಿ. ಮಣ್ಣು ಒಣಗದಂತೆ ನೀರು ಹಾಕಿ.

3. ವಾರಕ್ಕೊಮ್ಮೆ ಗಿಡಗಳ ಎತ್ತರ ಅಳೆದು ಬರೆಯಿರಿ. ತೆಂಡೆ ಎಷ್ಟು ಒಡೆದಿವೆ ಎಣಿಸಿ. ಗಿಣ್ಣಿನ ಬಣ್ಣ ಹಸಿರೋ ನೇರಳೆಯೋ ನೋಡಿ. ತೆನೆ ಬಂದಾಗ ಬೆರಳುಗಳನ್ನು ಎಣಿಸಿ.

4. ಎರಡು ಕುಂಡಗಳ ನಡುವೆ ಕಂಡ ವ್ಯತ್ಯಾಸಕ್ಕೆ ಕಾರಣ ಏನು? ಒಂದೇ ಕುಂಡದ ಹತ್ತು ಗಿಡಗಳ ನಡುವೆ ಕಂಡ ವ್ಯತ್ಯಾಸಕ್ಕೆ ಕಾರಣ ಏನಿರಬಹುದು? ಗೆಳೆಯರೊಂದಿಗೆ ಚರ್ಚಿಸಿ.

5. ನಿಮಗೆ ಮೇಲೆನಿಸಿದ ಒಂದು ಗಿಡದ ತೆನೆಯನ್ನು ಬೇರೆಯಾಗಿ ಒಣಗಿಸಿ, ಚೀಟಿ ಅಂಟಿಸಿ ತೆಗೆದಿಡಿ. ಮುಂದಿನ ಹಂಗಾಮಿನಲ್ಲಿ ಅದನ್ನೇ ಬಿತ್ತಿ. ಮಕ್ಕಳು ತಾಯಿಯನ್ನು ಹೋಲುತ್ತವೆಯೇ? ಉತ್ತರವನ್ನು ನಿಮ್ಮ ಗಿಡಗಳೇ ಹೇಳುತ್ತವೆ.